ಹೇಳದೆಯೇ ಗೊತ್ತಾಗಬೇಕಿತ್ತಲ್ವಾ?

ಓದುಗರ ಪತ್ರದ ಸಾರ: ‘ಮೈಸೂರಿನಲ್ಲಿ ಓದುವಾಗ ಪರಿಚಯವಾಗಿ, ಎರಡೂ ಮನೆಯವರನ್ನು ಕಷ್ಟಪಟ್ಟು ಒಪ್ಪಿಸಿ ಮದುವೆಯಾದೆವು. ಕೆಲಸ ಬಿಟ್ಟು ಕೊಡಗಿನ ಸಿದ್ದಾಪುರದ ಹತ್ತಿರ ಅವರ ಕಾಫಿ ತೋಟಕ್ಕೆ ಬಂದೆ. ಫೆಬ್ರವರಿ ಕೊನೆಗೆ ಮದುವೆಯಾಗಿ ಎರಡು ವರ್ಷ ತುಂಬಿತು. ಅವರಿಗೆ ಆ ದಿನ ನೆನಪೇ ಇರಲಿಲ್ಲ. ರಾತ್ರಿಯೆಲ್ಲ ಪಂಪ್‌ಸೆಟ್ ಹತ್ತಿರ ಇದ್ದು, ಬೆಳಗ್ಗೆ ಬಂದು, ನಾನು ಮಾತಾಡದೆ ಮುಂದಿಟ್ಟ ತಿಂಡಿ ತಿಂದು ಮಲಗಿಬಿಟ್ಟರು. ನಾನೂ ನೆನಪಿಸಲಿಲ್ಲ. ಕೇಳಿ ಪಡೆದರೆ ಅದಕ್ಕೇನು ಬೆಲೆ? ನಿಜವಾದ ಪ್ರೀತಿಯಾಗಿದ್ದರೆ ಹೇಳದೆಯೇ ಗೊತ್ತಾಗಬೇಕಿತ್ತಲ್ವಾ? ಅಂದಿನಿಂದ ಒಂದು ತಿಂಗಳಾಯಿತು, ಮಾತು ಕಡಿಮೆಯಾಗಿದೆ. ತವರಿಗೂ ಹೇಳಿಲ್ಲ. ಇವರು ನನಗಾಗಿಯೇ ಹುಟ್ಟಿದವರಲ್ಲವೇನೋ ಅನ್ನಿಸುತ್ತಿದೆ. ಅತ್ತೆ, ಹಿರಿಯರು ನೋಡಿ ಮಾಡಿದ ಮದುವೆಯಲ್ಲಿ ಇಂಥ ಗೋಳಿಲ್ಲ ಅನ್ನುತ್ತಾರೆ. ಅದು ನಿಜವಾ?’ – ಹೆಸರು ಬೇಡ, ಸಿದ್ದಾಪುರ

ಸಂಪಾದಕರ ಉತ್ತರ:

ತಂಗಿ,

ಮೊದಲಿಗೆ ಒಂದು ಮಾತು. ನಿಮ್ಮ ಬೇಸರ ಸಣ್ಣದು ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಊರು, ಕೆಲಸ, ಗೆಳತಿಯರನ್ನು ಬಿಟ್ಟು ತೋಟದ ಮನೆಗೆ ಬಂದಿದ್ದೀರಿ. ಪಕ್ಕದ ಮನೆ ಕೂಗಿದರೆ ಕೇಳಿಸುವಷ್ಟು ಹತ್ತಿರ ಇಲ್ಲ. ಅಂಥ ಕಡೆ ಗಂಡ ಒಂದು ದಿನವನ್ನು ಮರೆತರೆ, ಇಷ್ಟೆಲ್ಲ ಬಿಟ್ಟು ಬಂದದ್ದನ್ನೇ ಮರೆತರೇನೋ ಅನ್ನಿಸುತ್ತದೆ. ಅದು ಸಹಜ.

ಆದರೆ ಪತ್ರದ ಒಂದು ವಾಕ್ಯವನ್ನು ನಾನು ಮತ್ತೆ ಮತ್ತೆ ಓದಿದೆ. ‘ಹೇಳದೆಯೇ ಗೊತ್ತಾಗಬೇಕಿತ್ತಲ್ವಾ?’ ಅವರು ಮರೆತದ್ದರಿಂದ ಒಂದು ದಿನದ ಬೇಸರ ಆಗುತ್ತಿತ್ತು. ಅದನ್ನು ಒಂದು ತಿಂಗಳ ಮೌನ ಮಾಡಿದ್ದು ಈ ವಾಕ್ಯ ಎಂದು ನನಗೆ ಅನ್ನಿಸುತ್ತದೆ. ಅದಕ್ಕೇ ನಿಮ್ಮ ಗಂಡನ ವಿಷಯಕ್ಕೆ ಹೋಗುವ ಮೊದಲು ಈ ನಂಬಿಕೆಯನ್ನೇ ಸ್ವಲ್ಪ ನೋಡೋಣ.

ಇದು ನಿಮ್ಮೊಬ್ಬರದೇ ನಂಬಿಕೆ ಅಲ್ಲ. 1982ರಲ್ಲಿ ಅಮೆರಿಕದ ರಾಯ್ ಐಡೆಲ್ಸನ್ ಮತ್ತು ನಾರ್ಮನ್ ಎಪ್‌ಸ್ಟೀನ್ ಎಂಬ ಮನಶ್ಶಾಸ್ತ್ರಜ್ಞರು ದಾಂಪತ್ಯಕ್ಕೆ ತೊಡಕಾಗುವ ನಂಬಿಕೆಗಳನ್ನು ಅಳೆಯಲು ಒಂದು ಪ್ರಶ್ನಾವಳಿ ಮಾಡಿದರು. ಭಿನ್ನಾಭಿಪ್ರಾಯ ಬಂದರೆ ಸಂಬಂಧ ಹಾಳಾಗುತ್ತದೆ, ಜೊತೆಗಿರುವವರು ಎಂದೂ ಬದಲಾಗುವುದಿಲ್ಲ, ಇಂಥವು ಅದರಲ್ಲಿವೆ. ನಿಮ್ಮದೂ ಅದೇ ಪಟ್ಟಿಯಲ್ಲಿದೆ: ಪ್ರೀತಿಸುವವರು ನನ್ನ ಮನಸ್ಸನ್ನು ಕೇಳದೆಯೇ ಓದಬೇಕು. ಇವುಗಳನ್ನು ಗಟ್ಟಿಯಾಗಿ ಹಿಡಿದುಕೊಂಡವರಲ್ಲಿ ದಾಂಪತ್ಯದ ನೆಮ್ಮದಿ ಕಡಿಮೆ ಇರುವುದು ಕಂಡುಬಂತು. ನಂಬಿಕೆಯಿಂದ ನೆಮ್ಮದಿ ಹೋಯಿತೋ, ನೆಮ್ಮದಿ ಹೋದ ಮೇಲೆ ನಂಬಿಕೆ ಗಟ್ಟಿಯಾಯಿತೋ ಎಂಬುದು ಇಷ್ಟರಿಂದಲೇ ತಿಳಿಯುವುದಿಲ್ಲ. ಎರಡೂ ಒಟ್ಟಿಗೆ ಇರುತ್ತವೆ ಎಂಬುದಂತೂ ತಿಳಿಯುತ್ತದೆ.

ಸರಿ, ನಿಜಕ್ಕೂ ಹತ್ತಿರದವರಿಗೆ ನಮ್ಮ ಮನಸ್ಸು ತಿಳಿಯುತ್ತದಾ? 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನೇ ಪರೀಕ್ಷಿಸಿತು. ಕೆನೆತ್ ಸವಿಟ್‌ಸ್ಕಿ, ಬೋಜ್ ಕೀಸರ್, ನಿಕೋಲಸ್ ಎಪ್ಲಿ ಮತ್ತು ಜೊತೆಗಾರರು ಗಂಡ ಹೆಂಡತಿಯನ್ನು ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂರಿಸಿದರು. ಎರಡು ಮೂರು ಅರ್ಥ ಬರುವ ಮಾತನ್ನು ಒಬ್ಬರು ಹೇಳಬೇಕು. ಯಾವ ಅರ್ಥದಲ್ಲಿ ಹೇಳಿದರು ಎಂದು ಇನ್ನೊಬ್ಬರು ಗುರುತಿಸಬೇಕು. ಇದೇ ಆಟವನ್ನು ಅಪರಿಚಿತರ ಜೊತೆಗೂ ಆಡಿಸಿದರು. ನನ್ನ ಗಂಡನಿಗೆ, ನನ್ನ ಹೆಂಡತಿಗೆ ಬೇಗ ಅರ್ಥವಾಗುತ್ತದೆ ಎಂದು ಮಾತಾಡಿದವರಿಗೆ ಭರವಸೆ ಇತ್ತು. ಆದರೆ ಸಂಗಾತಿಗಳು ಅಪರಿಚಿತರಿಗಿಂತ ಮೇಲೇನೂ ಆಗಿರಲಿಲ್ಲ. ಅಪರಿಚಿತರ ಜೊತೆ ಮಾತಾಡುವಾಗ ಅವರಿಗೆ ಗೊತ್ತಿಲ್ಲ ಎಂದುಕೊಂಡು ಬಿಡಿಸಿ ಹೇಳುತ್ತೇವೆ. ನಮ್ಮವರ ಜೊತೆ ಆ ಕಷ್ಟ ತೆಗೆದುಕೊಳ್ಳುವುದಿಲ್ಲ.

ಇನ್ನೊಂದು ಸಂಗತಿಯೂ ಇದೆ. ನಮ್ಮ ಒಳಗಿನದು ನಮಗೆ ಎಷ್ಟು ಜೋರಾಗಿ ಕೇಳಿಸುತ್ತದೋ, ಎದುರಿನವರಿಗೂ ಅಷ್ಟೇ ಕಾಣಿಸುತ್ತಿದೆ ಎಂದುಕೊಳ್ಳುತ್ತೇವೆ. ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು 1998ರಲ್ಲಿ ಹಲವು ಪ್ರಯೋಗಗಳಿಂದ ಇದನ್ನು ತೋರಿಸಿದರು. ಕೆಟ್ಟ ರುಚಿಯ ಪಾನೀಯ ಕುಡಿದೂ ಮುಖದಲ್ಲಿ ಏನೂ ತೋರಿಸದೆ ಇರಬೇಕು ಎಂದರೆ, ಕುಡಿದವರು ನೋಡುವವರಿಗೆ ಗೊತ್ತಾಗಿಯೇ ಹೋಯಿತು ಎಂದುಕೊಂಡರು. ನೋಡುವವರಿಗೆ ಅಷ್ಟೇನೂ ಗೊತ್ತಾಗಿರಲಿಲ್ಲ. ನೀವು ಆ ದಿನ ತಿಂಡಿ ಮುಂದಿಟ್ಟು ಮಾತಾಡದೆ ಒಳಗೆ ಹೋದದ್ದು ನಿಮ್ಮ ಮಟ್ಟಿಗೆ ದೊಡ್ಡ ಮಾತೇ ಆಗಿತ್ತು. ನಿದ್ದೆಗಣ್ಣಿನಲ್ಲಿದ್ದವರಿಗೆ ಅದು ತಿಂಡಿಯ ತಟ್ಟೆ ಮಾತ್ರ.

ಆ ರಾತ್ರಿಯ ಬಗ್ಗೆಯೂ ಹೇಳಬೇಕು. ನೀವು ತೋಟಕ್ಕೆ ಬಂದು ಎರಡೇ ವರ್ಷ. ಅವರು ಅದರಲ್ಲೇ ಬೆಳೆದವರು, ಬಹುಶಃ ವಿವರಿಸಿ ಹೇಳಬೇಕು ಎಂದು ಅವರಿಗೆ ಹೊಳೆದಿರಲಿಕ್ಕಿಲ್ಲ. ರೋಬಸ್ಟಾ ಕಾಫಿಯ ತೋಟದವರಿಗೆ ಫೆಬ್ರವರಿ, ಮಾರ್ಚ್ ಎಂದರೆ ಜೀವ ಬಾಯಿಗೆ ಬಂದ ಹಾಗೆ. ಮೊಗ್ಗು ಅರಳಲು ಮಳೆಗೆ ಕಾಯುತ್ತಿರುತ್ತದೆ. ಹೂಮಳೆ ಬರಲಿಲ್ಲವೆಂದರೆ ಸ್ಪ್ರಿಂಕ್ಲರಿನಿಂದ ನೀರು ಕೊಡಲೇಬೇಕು. ಹೂ ಅರಳಿದ ಮೇಲೂ ಮುಗಿಯಲಿಲ್ಲ, ಕೆಲವು ವಾರದೊಳಗೆ ಇನ್ನೊಂದು ನೀರು ಬೇಕು, ಇಲ್ಲದಿದ್ದರೆ ಕಾಯಿ ನಿಲ್ಲುವುದಿಲ್ಲ. ಈ ಕೆಲಸಕ್ಕೆ ಹಗಲು ರಾತ್ರಿ ಎಂದಿಲ್ಲ. ಕೆಲವು ಗಂಟೆಗೊಮ್ಮೆ ಪೈಪು ಬಿಚ್ಚಿ ಬೇರೆ ಕಡೆ ಜೋಡಿಸಬೇಕು. ಕರೆಂಟು ಹೋದರೆ ಕಾಯಬೇಕು. ನಿಮ್ಮ ಕಡೆ ಆನೆಯ ಭಯ ಬೇರೆ. ಇದನ್ನೆಲ್ಲ ಹೇಳಿ ಅವರು ಮರೆತದ್ದು ಸರಿ ಎಂದು ನಾನು ತೀರ್ಪು ಕೊಡುತ್ತಿಲ್ಲ. ಮರೆಯಬಾರದಿತ್ತು. ಆದರೆ ಆ ಮರೆವಿಗೆ ಪ್ರೀತಿ ಆರಿದೆ ಎಂಬ ಅರ್ಥ ಒಂದೇ ಅಲ್ಲ, ಬೇರೆ ಅರ್ಥವೂ ಇದೆ. ‘ನಿಜವಾದ ಪ್ರೀತಿಯಾಗಿದ್ದರೆ’ ಎಂದು ಶುರುಮಾಡಿದ ಕೂಡಲೇ ಆ ಬೇರೆ ಅರ್ಥ ನಮ್ಮ ಕಣ್ಣಿಗೆ ಬೀಳದೇ ಹೋಗುತ್ತದೆ.

ಇನ್ನು ‘ನನಗಾಗಿಯೇ ಹುಟ್ಟಿದವರಲ್ಲವೇನೋ’ ಎಂಬ ಮಾತು. ಋಣಾನುಬಂಧ, ಏಳೇಳು ಜನ್ಮ, ಮದುವೆಗಳು ಸ್ವರ್ಗದಲ್ಲೇ ನಿಶ್ಚಯವಾಗಿರುತ್ತವೆ, ಇವನ್ನೆಲ್ಲ ಕೇಳಿಕೊಂಡೇ ನಾವು ಬೆಳೆದಿದ್ದೇವೆ. ಅಮೆರಿಕದ ಹ್ಯೂಸ್ಟನ್ ವಿಶ್ವವಿದ್ಯಾಲಯದ ರೇಮಂಡ್ ನೀ ಎಂಬ ಮನಶ್ಶಾಸ್ತ್ರಜ್ಞರು 1998ರಲ್ಲಿ ಸಂಬಂಧಗಳ ಬಗ್ಗೆ ಜನರಿಗಿರುವ ಎರಡು ನಂಬಿಕೆಗಳನ್ನು ಬೇರ್ಪಡಿಸಿ ನೋಡಿದರು. ಒಂದು, ಇಬ್ಬರೂ ಒಬ್ಬರಿಗೊಬ್ಬರು ಹೊಂದುವವರೋ ಅಲ್ಲವೋ ಎಂಬುದು ಮೊದಲೇ ತೀರ್ಮಾನವಾಗಿದೆ. ಇನ್ನೊಂದು, ಕಷ್ಟಗಳನ್ನು ದಾಟುತ್ತಾ ದಾಟುತ್ತಾ ಸಂಬಂಧ ಬೆಳೆಯುತ್ತದೆ. ಇವು ಎದುರುಬದುರು ನಿಂತ ನಂಬಿಕೆಗಳಲ್ಲ. ಒಬ್ಬರಲ್ಲೇ ಎರಡೂ ಇರಬಹುದು, ಎರಡೂ ಇಲ್ಲದೆಯೂ ಇರಬಹುದು.

ಈ ಅಧ್ಯಯನದಲ್ಲಿ ಸಿಕ್ಕ ಒಂದು ವಿಷಯ ನಿಮಗೆ ಬೇಕಾದದ್ದು. ‘ಮೊದಲೇ ತೀರ್ಮಾನ’ ಎಂದು ನಂಬಿದವರಲ್ಲಿ ಶುರುವಿನ ದಿನಗಳು ಚೆನ್ನಾಗಿದ್ದರೆ ಸಂಬಂಧ ಜಾಸ್ತಿ ದಿನ ಉಳಿಯಿತು. ಶುರುವೇ ಸಪ್ಪೆಯಾಗಿದ್ದರೆ ಬೇಗ ಮುಗಿಯಿತು. ಅಂದರೆ ಈ ನಂಬಿಕೆ ತಾನಾಗಿಯೇ ಕೆಟ್ಟದ್ದಲ್ಲ. ಎರಡು ಮನೆಯವರ ವಿರೋಧದ ನಡುವೆ ನಿಮ್ಮನ್ನು ಗಟ್ಟಿಯಾಗಿ ನಿಲ್ಲಿಸಿದ್ದು ಇದೇ ನಂಬಿಕೆ ಇರಬಹುದು. ತೊಂದರೆ ಬಂದಾಗ ಮಾತ್ರ ಇದು ಬೇರೆ ಕೆಲಸ ಮಾಡುತ್ತದೆ. ಇಂಥವರು ತೊಂದರೆ ಎದುರಾದರೆ ಸಂಗಾತಿಯಿಂದ ದೂರ ಸರಿಯುವುದು ಜಾಸ್ತಿ. ‘ಬೆಳೆಯುತ್ತದೆ’ ಎಂದು ನಂಬಿದವರು ಅದನ್ನು ಸರಿಮಾಡಲು ನೋಡುವುದು ಜಾಸ್ತಿ. ನೀವು ಒಂದು ತಿಂಗಳಿಂದ ಮಾಡುತ್ತಿರುವುದು ಯಾವುದು ಎಂದು ನಾನು ಹೇಳಬೇಕಿಲ್ಲ.

2014ರಲ್ಲಿ ಸ್ಪೈಕ್ ಡಬ್ಲ್ಯೂ. ಎಸ್. ಲೀ ಮತ್ತು ನಾರ್ಬರ್ಟ್ ಶ್ವಾರ್ಟ್ಸ್ ಮಾಡಿದ ಪ್ರಯೋಗ ನನಗೆ ತುಂಬ ಇಷ್ಟ. ಸಂಗಾತಿಗಳೆಂದರೆ ಒಂದೇ ವಸ್ತುವಿನ ಎರಡು ಅರ್ಧಗಳು ಎಂಬಂಥ ಮಾತುಗಳನ್ನು ಕೆಲವರ ಮನಸ್ಸಿಗೆ ತಂದರು. ಇನ್ನು ಕೆಲವರಿಗೆ, ಒಟ್ಟಿಗೆ ಇಷ್ಟು ದೂರ ನಡೆದು ಬಂದೆವು ಎಂಬಂಥ ಮಾತುಗಳನ್ನು. ಆಮೇಲೆ ಇಬ್ಬರ ನಡುವಿನ ಜಗಳಗಳನ್ನೋ ಸಂತೋಷದ ಗಳಿಗೆಗಳನ್ನೋ ನೆನಪಿಸಿಕೊಳ್ಳಿ ಎಂದರು. ಜಗಳ ನೆನೆಸಿಕೊಂಡಾಗ, ಎರಡು ಅರ್ಧಗಳ ಗುಂಪಿನವರಿಗೆ ತಮ್ಮ ಸಂಬಂಧದ ಬಗ್ಗೆಯೇ ಸಮಾಧಾನ ಕಡಿಮೆಯಾಯಿತು. ನಡೆದು ಬಂದ ದಾರಿಯ ಗುಂಪಿನವರಿಗೆ ಹಾಗಾಗಲಿಲ್ಲ. ಜಗಳ ಎರಡೂ ಕಡೆ ಇತ್ತು. ಅದನ್ನು ಯಾವ ಲೆಕ್ಕದಲ್ಲಿ ಓದಿದರು ಎಂಬುದಷ್ಟೇ ಬೇರೆ.

ಅತ್ತೆಯ ಮಾತಿಗೆ ಬರುತ್ತೇನೆ. ಅವರ ಮಾತಿಗೆ ಬೆಂಬಲ ಹುಡುಕುವವರು ಸಾಮಾನ್ಯವಾಗಿ ಒಂದು ಅಧ್ಯಯನವನ್ನು ಹೇಳುತ್ತಾರೆ. 1982ರಲ್ಲಿ ಜೈಪುರದಲ್ಲಿ ಉಷಾ ಗುಪ್ತಾ ಮತ್ತು ಪುಷ್ಪಾ ಸಿಂಗ್ ಮಾಡಿದ್ದು. ಪ್ರೀತಿಸಿ ಮದುವೆಯಾದವರಲ್ಲಿ ವರ್ಷ ಕಳೆದ ಹಾಗೆ ಪ್ರೀತಿ ಕಡಿಮೆ, ಹಿರಿಯರು ಮಾಡಿದ ಮದುವೆಯಲ್ಲಿ ಜಾಸ್ತಿ ಎಂದು ಅದರಲ್ಲಿ ಬಂತು. ಆದರೆ ನೋಡಿದ್ದು ಒಟ್ಟು 50 ಜೋಡಿಗಳನ್ನು. ಒಂದೇ ಜೋಡಿಯನ್ನು ವರ್ಷಗಟ್ಟಲೆ ಹಿಂಬಾಲಿಸಿದ್ದೂ ಅಲ್ಲ, ಬೇರೆ ಬೇರೆ ವರ್ಷ ತುಂಬಿದ ಮದುವೆಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದ್ದು. 2012ರಲ್ಲಿ ಪಮೇಲಾ ರೇಗನ್ ಮತ್ತು ಸಂಗಡಿಗರು ಅಮೆರಿಕದಲ್ಲಿರುವ ಭಾರತೀಯ ಮೂಲದವರನ್ನು ಕೇಳಿದಾಗ, ಎರಡು ಬಗೆಯ ಮದುವೆಯವರಲ್ಲೂ ಪ್ರೀತಿ, ಸಮಾಧಾನ ಹೆಚ್ಚುಕಡಿಮೆ ಒಂದೇ ಇತ್ತು. ಅದೂ ಸಣ್ಣ ಅಧ್ಯಯನವೇ. ಹಾಗಾಗಿ ಅತ್ತೆಯ ಮಾತು ಸಾಬೀತಾಗಿದೆ ಎಂದು ನಾನು ಒಪ್ಪುವುದಿಲ್ಲ.

ಆದರೂ ಅವರ ಮಾತಿನಲ್ಲಿ ಏನೂ ಇಲ್ಲವೆಂದಲ್ಲ. ಹಿರಿಯರು ಮಾಡಿದ ಮದುವೆಯಲ್ಲಿ ಹುಡುಗ ಹುಡುಗಿ ಒಬ್ಬರಿಗೊಬ್ಬರು ಗೊತ್ತಿಲ್ಲ ಎಂದು ಎಲ್ಲರಿಗೂ ಗೊತ್ತು. ಮೊದಲ ವರ್ಷ ಮನಸ್ಸು ಓದಲಿಲ್ಲ ಎಂದು ಯಾರೂ ಕೊರಗುವುದಿಲ್ಲ. ಪ್ರೀತಿಸಿ ಮದುವೆಯಾದವರಿಗೆ ನಿರೀಕ್ಷೆಯ ಭಾರ ಜಾಸ್ತಿ. ಮನೆಯವರ ಎದುರು ಹೋರಾಡಿ ಆದ ಮದುವೆಗೆ ಇನ್ನೂ ಜಾಸ್ತಿ, ಯಾಕೆಂದರೆ ಸಣ್ಣ ಬಿರುಕನ್ನೂ ‘ನಾವು ಹೇಳಿರಲಿಲ್ವಾ’ ಎನ್ನುವವರ ಕಣ್ಣಿನಿಂದ ನೋಡುವಂತಾಗುತ್ತದೆ. ನೀವು ಈ ಬೇಸರವನ್ನು ತವರಿಗೆ ಹೇಳಿಲ್ಲ ಎಂದು ಬರೆದದ್ದಕ್ಕೂ ಇದೇ ಕಾರಣ ಇರಬೇಕು.

‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಎಂಬ ಗಾದೆಯನ್ನು ನಿಮಗೆ ಈಗಾಗಲೇ ಯಾರಾದರೂ ಹೇಳಿರುತ್ತಾರೆ. ಜಗಳ ಬಂದರೆ ಮದುವೆ ಮುಳುಗಿತು ಎಂದುಕೊಳ್ಳಬೇಡಿ ಎನ್ನುವ ಮಟ್ಟಿಗೆ ಅದು ಒಳ್ಳೆಯ ಗಾದೆ. ಹೆಣ್ಣಿನ ಬಾಯಿ ಮುಚ್ಚಿಸಲು ಬಳಸಿದರೆ ನನಗೆ ಸಿಟ್ಟು ಬರುತ್ತದೆ. ಉಂಡು ಮಲಗಿದ ಮೇಲೂ ಉಳಿಯುವ ಬೇಸರಗಳಿವೆ. ಅವನ್ನು ಮಾತಾಡಿಯೇ ತೀರಿಸಬೇಕು.

ನಮ್ಮ ಕೊಡಗಿನಲ್ಲಿ ಇದಕ್ಕೆ ಹಳೆಯ ಪಾಠವೇ ಇದೆ. ಕೊಡವ ಮದುವೆ ನೋಡಿದ್ದೀರಲ್ಲ. ಎರಡೂ ಕಡೆಯ ಅರುವರು, ಅಂದರೆ ಆಯಾ ಕಡೆಯ ಪರವಾಗಿ ಮಾತಾಡುವವರು, ಎದುರುಬದುರು ನಿಂತು, ಹುಡುಗಿಗೆ ಹೊಸ ಮನೆಯಲ್ಲಿ ಇರುವ ಹಕ್ಕುಗಳನ್ನು ನೆರೆದವರೆಲ್ಲ ಕೇಳುವಂತೆ ಬಾಯಿಬಿಟ್ಟು ಆಡುತ್ತಾರೆ. ಇಷ್ಟು ದೊಡ್ಡ ಒಕ್ಕ (ಮನೆತನ), ಒಳ್ಳೆಯ ಜನ, ಹೇಳದೆಯೇ ತಿಳಿದುಕೊಳ್ಳುತ್ತಾರೆ ಬಿಡಿ ಎಂದು ಹಿರಿಯರು ಬಿಡಲಿಲ್ಲ. ಹೇಳಿದ್ದರಿಂದ ಆ ಹಕ್ಕಿನ ಬೆಲೆ ಕಡಿಮೆಯಾಯಿತಾ? ‘ಕೇಳಿ ಪಡೆದರೆ ಏನು ಬೆಲೆ’ ಎಂಬ ನಿಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಹೊಳೆಯುತ್ತಿಲ್ಲ. ಕೇಳಿದ್ದನ್ನು ಮನಸ್ಸಿಟ್ಟು ಕೊಡುವವರು ಇರುತ್ತಾರೆ, ಕೇಳಿದರೂ ಕೊಡದವರು ಇರುತ್ತಾರೆ. ಪ್ರೀತಿಯನ್ನು ಅಳೆಯಲೇಬೇಕು ಎಂದರೆ ಅಲ್ಲಿ ಅಳೆಯಿರಿ.

ಒಂದು ಕುತೂಹಲದ ವಿಷಯ. ಒಬ್ಬರೇ ನನಗಾಗಿ ಇರುವವರು, ಮೊದಲ ನೋಟದ ಪ್ರೀತಿ, ಪ್ರೀತಿ ಎಲ್ಲವನ್ನೂ ಗೆಲ್ಲುತ್ತದೆ, ಇಂಥ ನಂಬಿಕೆಗಳನ್ನು ಸೂಸನ್ ಸ್ಪ್ರೆಚರ್ ಮತ್ತು ಸ್ಯಾಂಡ್ರಾ ಮೆಟ್ಸ್ 1989ರಲ್ಲಿ ಅಮೆರಿಕದ ವಿದ್ಯಾರ್ಥಿಗಳಲ್ಲಿ ಅಳೆದಾಗ, ಹುಡುಗಿಯರಿಗಿಂತ ಹುಡುಗರಲ್ಲೇ ಅವು ಸ್ವಲ್ಪ ಜಾಸ್ತಿ ಇದ್ದವು. ನಿಮ್ಮ ಗಂಡನ ಒಳಗೂ ‘ನಾನು ಯಾಕೆ ಒದ್ದಾಡುತ್ತಿದ್ದೇನೆ ಎಂದು ಇವಳಿಗೆ ಹೇಳದೆಯೇ ತಿಳಿಯಬೇಕಲ್ಲ’ ಎಂಬ ಬೇಸರ ಇರಬಹುದು. ಕೇಳಿ ನೋಡಿ.

ಈಗ ನಾನಾದರೆ ಏನು ಮಾಡುತ್ತಿದ್ದೆ ಎಂದು ಹೇಳುತ್ತೇನೆ. ರಾತ್ರಿ ನೀರು ಹಾಯಿಸಿ ಬಂದ ಬೆಳಗ್ಗೆ ಮಾತು ತೆಗೆಯುವುದಿಲ್ಲ. ನೀರಿನ ಕೆಲಸ ಇಲ್ಲದ ಒಂದು ಸಂಜೆ, ಅತ್ತೆ ಮಾವ ಎದುರಿಗಿಲ್ಲದಾಗ ಕೂರುತ್ತೇನೆ. ‘ನಿಮಗೆ ನನ್ನ ಮೇಲೆ ಪ್ರೀತಿಯೇ ಇಲ್ಲ’ ಎಂದು ಶುರುಮಾಡುವುದಿಲ್ಲ, ಅದಕ್ಕೆ ‘ಇದೆ’ ಎಂದು ವಾದ ಮಾಡುವುದು ಬಿಟ್ಟರೆ ಬೇರೆ ಉತ್ತರ ಇಲ್ಲ. ‘ಆ ದಿನ ನೀವು ಮರೆತಿರಿ, ನನಗೆ ಅಳು ಬಂತು, ನಾನು ಹೇಳಲಿಲ್ಲ. ಮುಂದಿನ ವರ್ಷ ಪಂಪ್ ಓಡುತ್ತಿದ್ದರೂ ಒಂದು ಗಂಟೆ ನನಗೆ ಬೇಕು’ ಎನ್ನುತ್ತೇನೆ. ಹೇಳುವಾಗ ಮುಜುಗರ ಆಗುತ್ತದೆ. ಆಗಲಿ.

ಕೊನೆಯದಾಗಿ, ಇದನ್ನು ಓದುವ ಬೇರೆ ಹೆಣ್ಣುಮಕ್ಕಳಿಗೂ ಸೇರಿಸಿ ಒಂದು ಮಾತು. ಸಂಬಂಧ ಬೆಳೆಯುತ್ತದೆ ಎಂಬ ನಂಬಿಕೆಗೂ ಒಂದು ಗಡಿ ಇದೆ. ಬಾಯಿಬಿಟ್ಟು ಹೇಳಿದ ಮೇಲೂ ಮತ್ತೆ ಮತ್ತೆ ಕಡೆಗಣಿಸಿದರೆ, ನಾಲ್ಕು ಜನರ ಎದುರು ಹೀಯಾಳಿಸಿದರೆ, ಕೈ ಎತ್ತಿದರೆ, ‘ಇನ್ನೂ ಸ್ವಲ್ಪ ಹೊಂದಿಕೊಂಡರೆ ಸರಿಹೋಗುತ್ತದೆ’ ಎಂದು ವರ್ಷ ಕಳೆಯಬೇಡಿ. ಹೊಡೆತ, ಬೆದರಿಕೆ ಇದ್ದರೆ 181ಕ್ಕೆ ಫೋನ್ ಮಾಡಿ, ಅದು ಹೆಣ್ಣುಮಕ್ಕಳಿಗೆಂದೇ ಇರುವ ಸಹಾಯವಾಣಿ. ಮನಸ್ಸಿನ ಭಾರ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಪತ್ರದಲ್ಲಿ ಅಂಥದ್ದೇನೂ ನನಗೆ ಕಾಣಲಿಲ್ಲ. ಕಂಡದ್ದು ದಣಿದ ಒಬ್ಬ ಗಂಡ, ಒಂಟಿಯಾದ ಒಬ್ಬ ಹೆಂಡತಿ, ನಡುವೆ ಆಡದೇ ಉಳಿದ ಮಾತು. ನಾನು ತಪ್ಪಾಗಿ ಓದಿದ್ದರೆ, ಪತ್ರದಲ್ಲಿ ಬರೆಯದ ಬೇರೇನಾದರೂ ಇದ್ದರೆ, ಮತ್ತೆ ಬರೆಯಿರಿ. ಅದನ್ನು ಅಚ್ಚು ಹಾಕುವುದಿಲ್ಲ, ನಿಮಗೇ ಉತ್ತರ ಬರೆಯುತ್ತೇನೆ.