ದುಡಿಯುವವರಿಗೆ ಏಕೆ ಹೆದರಿಕೆ? ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ದಾವಣಗೆರೆಯಿಂದ ತಾವು ಬರೆದ ನಾಲ್ಕು ಪುಟಗಳ ಪತ್ರ ತಲುಪಿದೆ. ಅಮೆರಿಕದಲ್ಲಿ 2025ರ ಜುಲೈನಲ್ಲಿ ಜಾರಿಗೆ ಬಂದ ತೆರಿಗೆ ಮತ್ತು ವೆಚ್ಚ ಕಡಿತದ ಕಾನೂನಿನ ಬಗ್ಗೆ ನಾವು ಪ್ರಕಟಿಸಿದ ಲೇಖನ ಡೆಮಾಕ್ರಟಿಕ್ ಪಕ್ಷದ ಕರಪತ್ರದಂತಿತ್ತು ಎಂಬುದು ತಮ್ಮ ಮೊದಲ ಆಕ್ಷೇಪ. ಕೈಕಾಲು ಗಟ್ಟಿಯಿರುವವರು ದುಡಿದು ತಿನ್ನಲಿ ಎಂದರೆ ಅದರಲ್ಲಿ ಅನ್ಯಾಯವೇನು ಎಂಬುದು ಎರಡನೆಯದು. ನಾರ್ತ್ ಕ್ಯಾರೊಲಿನಾದ ಮಗಳ ಮನೆಯಲ್ಲಿದ್ದಾಗ, ಅಲ್ಲಿನ ದಿನಸಿ ಅಂಗಡಿಯ ಬಿಲ್ಲಿಂಗ್ ಕೌಂಟರಿನ ಹೆಂಗಸೊಬ್ಬರು, ಬಡವರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇಡ್ ತನ್ನ ಕೈತಪ್ಪಬಹುದೆಂದು ಮಗಳ ಬಳಿ ಹೇಳಿಕೊಂಡರೆಂದೂ, ದಿನವೂ ದುಡಿಯುವ ಆಕೆಗೆ ಏಕೆ ಆ ಹೆದರಿಕೆ ಎಂಬುದು ಅರ್ಥವಾಗಲಿಲ್ಲವೆಂದೂ ಬರೆದಿದ್ದೀರಿ. ಕೊನೆಯಲ್ಲಿ, ಮಗಳು ಊರಿಗೆ ಕಳುಹಿಸುವ ಹಣಕ್ಕೂ ಹೊಸ ತೆರಿಗೆ ಬೀಳುತ್ತದೆಯೇ ಎಂದು ಕೇಳಿದ್ದೀರಿ.

ನಮ್ಮ ತಪ್ಪನ್ನು ಮೊದಲು ಒಪ್ಪಿಕೊಳ್ಳುತ್ತೇನೆ. "ಬಡವರ ಆರೋಗ್ಯ ವಿಮೆ ರದ್ದು" ಎಂದು ಲೇಖನಕ್ಕೆ ನಾವು ಕೊಟ್ಟ ಉಪಶೀರ್ಷಿಕೆ ಸರಿಯಲ್ಲ. ಲಿಂಡನ್ ಜಾನ್ಸನ್ ಅಧ್ಯಕ್ಷರಾಗಿದ್ದಾಗ, 1965ರಲ್ಲಿ, ಆರಂಭವಾದ ಮೆಡಿಕೇಡ್ ರದ್ದಾಗಿಲ್ಲ. ಕಾನೂನಿಗೆ ಸಹಿ ಬಿದ್ದ ಹೊತ್ತಿಗೆ ಸುಮಾರು ಏಳು ಕೋಟಿ ಜನ ಅದನ್ನು ನೆಚ್ಚಿಕೊಂಡಿದ್ದರು. ಆದರೆ ಮುಂದಿನ ಹತ್ತು ವರ್ಷಗಳಲ್ಲಿ ಅದಕ್ಕೆ ಒಕ್ಕೂಟ ಸರ್ಕಾರದಿಂದ ಬರಬೇಕಿದ್ದ ಹಣದಲ್ಲಿ 90 ಸಾವಿರ ಕೋಟಿ ಡಾಲರಿಗೂ ಹೆಚ್ಚು, ಬಡವರ ಆಹಾರ ನೆರವಾದ ಸ್ನ್ಯಾಪ್ ಯೋಜನೆಯಲ್ಲಿ 18 ಸಾವಿರ ಕೋಟಿ ಡಾಲರಿಗೂ ಹೆಚ್ಚು ಕಡಿತವಾಗುತ್ತದೆ. ಯೋಜನೆಯ ಹೆಸರು ಹಾಗೆಯೇ ಇರುತ್ತದೆ, ಬಾಗಿಲು ಮಾತ್ರ ಕಿರಿದಾಗುತ್ತದೆ. ಇದನ್ನು ಶೀರ್ಷಿಕೆಯಲ್ಲಿಯೇ ಹೇಳಬೇಕಿತ್ತು.

ಪಕ್ಷಪಾತದ ಮಾತಿನಲ್ಲಿಯೂ ತಮ್ಮ ಆಕ್ಷೇಪಕ್ಕೆ ಆಧಾರವಿದೆ. ಈ ಮಸೂದೆ ಕೂದಲೆಳೆಯ ಅಂತರದಲ್ಲಿ ದಡ ಸೇರಿತು. ಕೆಳಮನೆಯಲ್ಲಿ ಮೇ 22ರಂದು 215–214; ಮೇಲ್ಮನೆಯಾದ ಸೆನೆಟ್‌ನಲ್ಲಿ ಜುಲೈ 1ರಂದು 50–50 ಆಗಿ, ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ ಅವರ ಮತದಿಂದ ಇತ್ಯರ್ಥ. ಜುಲೈ 3ರಂದು ಮತ್ತೆ ಕೆಳಮನೆಯಲ್ಲಿ 218–214. ಮರುದಿನ ಸ್ವಾತಂತ್ರ್ಯ ದಿನದಂದು ಅಧ್ಯಕ್ಷ ಟ್ರಂಪ್ ಅವರ ಸಹಿ. ಡೆಮಾಕ್ರಟರಲ್ಲಿ ಒಬ್ಬರೂ ಪರವಾಗಿ ಮತ ಹಾಕಲಿಲ್ಲ. ಅವರ ಸೆನೆಟ್ ನಾಯಕ ಚಕ್ ಶೂಮರ್ ಇಡೀ ಮಸೂದೆಯನ್ನು ಗಟ್ಟಿಯಾಗಿ ಓದಿಸಬೇಕೆಂದು ಪಟ್ಟು ಹಿಡಿದದ್ದರಿಂದ, ಸೆನೆಟ್‌ನ ಗುಮಾಸ್ತರು ಸರದಿಯ ಮೇಲೆ ನಿಂತು ಸುಮಾರು 940 ಪುಟಗಳನ್ನು ಹದಿನಾರು ಗಂಟೆಗಳ ಕಾಲ ಓದಿದರು. ಕೆಳಮನೆಯ ಡೆಮಾಕ್ರಟಿಕ್ ನಾಯಕ ಹಕೀಮ್ ಜೆಫ್ರಿಸ್ ಎಂಟೂಮುಕ್ಕಾಲು ಗಂಟೆಯಷ್ಟು ಮಾತನಾಡಿ ದಾಖಲೆ ಮಾಡಿದರು. ಸೆನೆಟ್‌ನಲ್ಲಿ ಸಾಮಾನ್ಯವಾಗಿ ಬೇಕಾಗುವ 60 ಮತಗಳಿಲ್ಲದೆ ಬಜೆಟ್ ವಿಷಯವನ್ನು ಸರಳ ಬಹುಮತದಿಂದ ದಾಟಿಸುವ 'ರಿಕನ್ಸಿಲಿಯೇಷನ್' ಎಂಬ ದಾರಿ 1974ರ ಕಾನೂನಿನಿಂದ ಬಂದದ್ದು. ಈ ದಾರಿ ಹಿಡಿದ ರಿಪಬ್ಲಿಕನ್ನರು ಹಿಂಬಾಗಿಲಿನಿಂದ ಬಂದರೆಂದು ನಮ್ಮ ಲೇಖಕರು ಬರೆದರು. ಆದರೆ 2021 ಮತ್ತು 2022ರಲ್ಲಿ ಬೈಡನ್ ಆಡಳಿತವೂ ಇದೇ ದಾರಿಯಲ್ಲಿ ನಡೆಯಿತು, 2022ರಲ್ಲಿ ಅಂದಿನ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಅವರ ಮತವೇ ನಿರ್ಣಾಯಕವಾಯಿತು. ಇದನ್ನು ಹೇಳದೆ ಬಿಟ್ಟದ್ದು ನಮ್ಮ ಲೋಪ.

ಇಷ್ಟು ಒಪ್ಪಿಕೊಂಡ ಮೇಲೆ, ತಮ್ಮೊಂದಿಗೆ ನನಗೆ ಭಿನ್ನಾಭಿಪ್ರಾಯವಿರುವ ಕಡೆಗೆ ಬರುತ್ತೇನೆ. "ಖಜಾನೆ ಖಾಲಿಯಾದಾಗ ಕೈ ಬಿಗಿ ಹಿಡಿಯಲೇಬೇಕು" ಎಂದಿದ್ದೀರಿ. ಈ ಕಾನೂನು ಖಜಾನೆಯನ್ನು ತುಂಬಲು ಬಂದದ್ದಲ್ಲ. 2017ರ ತೆರಿಗೆ ರಿಯಾಯಿತಿಗಳು 2025ರ ಕೊನೆಗೆ ಮುಗಿಯಬೇಕಿದ್ದವು. ಅವು ಮುಗಿದಿದ್ದರೆ ಸಾಧಾರಣ ಕುಟುಂಬಗಳ ತೆರಿಗೆಯೂ ಏರುತ್ತಿತ್ತು ಎಂಬ ರಿಪಬ್ಲಿಕನ್ನರ ವಾದ ನಿಜವೇ. ಆದರೆ ಆ ರಿಯಾಯಿತಿಗಳನ್ನು ಮುಂದುವರಿಸುವುದಕ್ಕೆ ಖರ್ಚೇ ಇಲ್ಲ ಎಂಬಂತೆ ಸೆನೆಟ್‌ನಲ್ಲಿ ಲೆಕ್ಕ ಬರೆಯಲಾಯಿತು. ಅವಧಿ ಮುಗಿದ ಸಾಲವನ್ನು ನವೀಕರಿಸಿ, ಹೊಸ ಸಾಲವನ್ನೇ ಕೊಟ್ಟಿಲ್ಲವೆಂದು ಲೆಡ್ಜರಿನಲ್ಲಿ ಬರೆದರೆ, ಬ್ಯಾಂಕಿನಲ್ಲಿ ಮೂರು ದಶಕ ಕಳೆದ ತಾವು ಒಪ್ಪುತ್ತಿದ್ದಿರೇ? ಅಲ್ಲಿನ ಸಂಸತ್ತಿಗೆ ಲೆಕ್ಕ ಒದಗಿಸುವ, ಯಾವ ಪಕ್ಷಕ್ಕೂ ಸೇರದ ಕಾಂಗ್ರೆಷನಲ್ ಬಜೆಟ್ ಆಫೀಸ್ ವಾಡಿಕೆಯ ರೀತಿಯಲ್ಲಿ ಎಣಿಸಿದಾಗ, ಹತ್ತು ವರ್ಷಗಳಲ್ಲಿ ಕೊರತೆ 3.4 ಲಕ್ಷ ಕೋಟಿ ಡಾಲರ್ ಹೆಚ್ಚುತ್ತದೆ ಎಂಬ ಉತ್ತರ ಬಂತು. ಅದೇ ಕಚೇರಿ 2025ರ ಆಗಸ್ಟ್‌ನಲ್ಲಿ ಕೊಟ್ಟ ಅಂದಾಜಿನಂತೆ, ಆದಾಯದಲ್ಲಿ ಕಟ್ಟಕಡೆಯ ಹತ್ತನೇ ಒಂದು ಪಾಲು ಕುಟುಂಬಗಳು ವರ್ಷಕ್ಕೆ ಸರಾಸರಿ 1,200 ಡಾಲರ್ ಕಳೆದುಕೊಳ್ಳುತ್ತವೆ, ತುತ್ತತುದಿಯ ಹತ್ತನೇ ಒಂದು ಪಾಲಿಗೆ 13,600 ಡಾಲರ್ ಲಾಭವಾಗುತ್ತದೆ. ಟಿಪ್ಸ್ ಮತ್ತು ಓವರ್‌ಟೈಮ್ ಹಣಕ್ಕೆ ಸಿಕ್ಕ ತೆರಿಗೆ ವಿನಾಯಿತಿ ದುಡಿಯುವವರಿಗೆ ನೆರವಾಗುತ್ತದೆ, ಅಲ್ಲವೆನ್ನುವುದಿಲ್ಲ. ಅದು 2028ರವರೆಗೆ ಮಾತ್ರ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎನ್ನುವುದಕ್ಕೆ ನನಗೆ ಬೇರೆ ಪುರಾವೆ ಬೇಕಿಲ್ಲ.

ಇನ್ನು ಆ ಅಂಗಡಿಯ ಹೆಂಗಸಿನ ಹೆದರಿಕೆ. ಹೊಸ ನಿಯಮದಂತೆ, ರಾಜ್ಯಗಳು ಆದಾಯಮಿತಿ ಏರಿಸಿ ಮಾಡಿದ ಮೆಡಿಕೇಡ್ ವಿಸ್ತರಣೆಯಿಂದ ಸೇರಿಕೊಂಡ 19ರಿಂದ 64 ವರ್ಷದವರು ತಿಂಗಳಿಗೆ 80 ಗಂಟೆ ದುಡಿದಿರಬೇಕು, ಇಲ್ಲವೇ ತರಬೇತಿಯಲ್ಲೋ ಸಮಾಜಸೇವೆಯಲ್ಲೋ ಅಷ್ಟು ಹೊತ್ತು ತೊಡಗಿರಬೇಕು, ಅಥವಾ ತಿಂಗಳಿಗೆ 580 ಡಾಲರ್ ಸಂಪಾದಿಸಿರಬೇಕು. ಗರ್ಭಿಣಿಯರಿಗೆ, ಅಂಗವಿಕಲರಿಗೆ, 13 ವರ್ಷದವರೆಗಿನ ಮಕ್ಕಳ ತಂದೆತಾಯಿಗೆ ವಿನಾಯಿತಿ ಇದೆ. ಹೀಗೆ ಓದಿದರೆ ಬಿಲ್ಲಿಂಗ್ ಕೌಂಟರಿನಲ್ಲಿ ನಿಲ್ಲುವ ಆಕೆ ಸುಲಭವಾಗಿ ಪಾರಾಗಬೇಕು. ಆದರೆ ದುಡಿಯುವುದು ಒಂದು, ದುಡಿದೆನೆಂದು ರುಜುವಾತು ಮಾಡುವುದು ಇನ್ನೊಂದು.

ಪಿಂಚಣಿದಾರರು ಪ್ರತಿ ನವೆಂಬರ್‌ನಲ್ಲಿ ಕೊಡುವ ಜೀವಿತ ಪ್ರಮಾಣಪತ್ರವನ್ನು ತಾವು ಕೌಂಟರಿನ ಒಳಗಿನಿಂದ ನೋಡಿದವರು. ಪತ್ರ ಬಾರದಿದ್ದರೆ, ಮನುಷ್ಯ ಮನೆಯಲ್ಲಿ ಬದುಕಿದ್ದರೂ ಪಿಂಚಣಿ ನಿಲ್ಲುತ್ತದೆ. ಅರ್ಕಾನ್ಸಾ ರಾಜ್ಯದಲ್ಲಿ 2018ರಲ್ಲಿ ಮೆಡಿಕೇಡ್‌ಗೆ ಇಂಥದೇ ದುಡಿಮೆಯ ಷರತ್ತು ಹಾಕಿದಾಗ ಆದದ್ದು ಇದೇ. ಪ್ರತಿ ತಿಂಗಳ ದುಡಿಮೆಯ ವಿವರವನ್ನು ಜನ ಜಾಲತಾಣದಲ್ಲಿಯೇ ತುಂಬಬೇಕಿತ್ತು, ಮತ್ತು ಆ ತಾಣ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಏಳರವರೆಗೆ ಮುಚ್ಚಿರುತ್ತಿತ್ತು. ರಾತ್ರಿ ಹತ್ತಕ್ಕೆ ಪಾಳಿ ಮುಗಿಸಿ, ಮನೆಗೆ ಬಂದು, ಅಡುಗೆಮನೆಯ ಮೇಜಿನ ಬಳಿ ಕುಳಿತು ಫೋನ್ ತೆರೆದ ಹೆಂಗಸನ್ನು ಊಹಿಸಿಕೊಳ್ಳಿ. ದಿನವಿಡೀ ದುಡಿದದ್ದಕ್ಕೆ ಸಾಕ್ಷಿ ಹೇಳಲು ಬಂದರೆ ಕಚೇರಿಯ ಬಾಗಿಲು ಹಾಕಿದೆ. ಕೆಲವೇ ತಿಂಗಳಲ್ಲಿ 18 ಸಾವಿರಕ್ಕೂ ಹೆಚ್ಚು ಜನ ವಿಮೆ ಕಳೆದುಕೊಂಡರು. 2019ರ ಮಾರ್ಚ್‌ನಲ್ಲಿ ನ್ಯಾಯಾಲಯ ಅದನ್ನು ತಡೆಯಿತು. ಷರತ್ತಿಗೆ ಒಳಪಟ್ಟವರಲ್ಲಿ ಬಹುಪಾಲು ಜನ ಮೊದಲೇ ದುಡಿಯುತ್ತಿದ್ದರು ಅಥವಾ ವಿನಾಯಿತಿಗೆ ಅರ್ಹರಾಗಿದ್ದರು, ಉದ್ಯೋಗದಲ್ಲಿರುವವರ ಪ್ರಮಾಣವೇನೂ ಹೆಚ್ಚಲಿಲ್ಲ ಎಂದು ಆಮೇಲಿನ ಅಧ್ಯಯನ ಕಂಡುಕೊಂಡಿತು. ಈಗ ಅದನ್ನೇ ದೇಶಕ್ಕೆ ಹಬ್ಬಿಸಲಾಗುತ್ತಿದೆ, ಜೊತೆಗೆ ವರ್ಷಕ್ಕೊಮ್ಮೆ ಇದ್ದ ಅರ್ಹತೆಯ ಮರುಪರಿಶೀಲನೆ ಆರು ತಿಂಗಳಿಗೊಮ್ಮೆ ಆಗಲಿದೆ. ಈ ಕಾನೂನಿನಿಂದಾಗಿ 2034ರ ವೇಳೆಗೆ ಒಂದು ಕೋಟಿ ಜನ ವಿಮೆಯಿಲ್ಲದವರಾಗುತ್ತಾರೆ ಎಂದು ಬಜೆಟ್ ಆಫೀಸ್ ಎಣಿಸಿರುವುದು ಸೋಮಾರಿಗಳನ್ನು ಲೆಕ್ಕ ಹಾಕಿ ಅಲ್ಲ. ಉಳಿತಾಯದ ದೊಡ್ಡ ಪಾಲು ಬರುವುದೇ ಹೀಗೆ ಬಿಟ್ಟುಹೋಗುವವರಿಂದ. ನನ್ನ ವಿರೋಧವೆಲ್ಲ ಇರುವುದು ಇಲ್ಲಿ.

ಇದನ್ನು ಡೆಮಾಕ್ರಟರ ಮಾತೆಂದು ತಾವು ತಳ್ಳಿಹಾಕಬಾರದು ಎಂಬ ಕಾರಣಕ್ಕೆ ತಮ್ಮ ಮಗಳ ರಾಜ್ಯದ ರಿಪಬ್ಲಿಕನ್ ಸೆನೆಟರ್ ಥಾಮ್ ಟಿಲ್ಲಿಸ್ ಅವರನ್ನು ನೆನಪಿಸುತ್ತೇನೆ. ನಾರ್ತ್ ಕ್ಯಾರೊಲಿನಾ ಮೆಡಿಕೇಡ್ ಅನ್ನು ವಿಸ್ತರಿಸಿದ್ದು 2023ರ ಡಿಸೆಂಬರ್‌ನಲ್ಲಿ. ವಿಮೆ ಕಳೆದುಕೊಳ್ಳುವ ತಮ್ಮ ರಾಜ್ಯದ 6 ಲಕ್ಷ 63 ಸಾವಿರ ಜನರಿಗೆ ಏನು ಹೇಳಲಿ ಎಂದು ಅವರು ಸೆನೆಟ್‌ನಲ್ಲಿ ನಿಂತು ಕೇಳಿದರು. ಅದಕ್ಕೂ ಮೊದಲೇ, ಪಕ್ಷದೊಳಗೇ ಅವರಿಗೆ ಎದುರಾಳಿಯನ್ನು ನಿಲ್ಲಿಸುವ ಮಾತನ್ನು ಟ್ರಂಪ್ ಆಡಿದ್ದರು. ಟಿಲ್ಲಿಸ್ ಮತ್ತೆ ಚುನಾವಣೆಗೆ ನಿಲ್ಲುವುದಿಲ್ಲವೆಂದು ಘೋಷಿಸಿ ವಿರುದ್ಧವೇ ಮತ ಹಾಕಿದರು. ಮೆಡಿಕೇಡ್ ಕಡಿತ ಬೇಡವೆಂದು ಮೇ ತಿಂಗಳಿನಲ್ಲಿ ಪತ್ರಿಕೆಗೆ ಬರೆದಿದ್ದ ಮಿಸೌರಿಯ ರಿಪಬ್ಲಿಕನ್ ಸೆನೆಟರ್ ಜಾಶ್ ಹಾಲಿ ಜುಲೈನಲ್ಲಿ ಪರವಾಗಿ ಮತ ಹಾಕಿದರು. ನಮ್ಮಲ್ಲಾದರೆ ವಿಪ್ ಮೀರಿದವರ ಸದಸ್ಯತ್ವಕ್ಕೇ 1985ರ ಪಕ್ಷಾಂತರ ನಿಷೇಧ ಕಾನೂನು ಕುತ್ತು ತರುತ್ತದೆ. ಅಂಥ ಕಾನೂನಿಲ್ಲದ ದೇಶದಲ್ಲಿಯೂ ಆತ್ಮಸಾಕ್ಷಿಯಂತೆ ಮತ ಹಾಕಿದವರೊಬ್ಬರು ರಾಜಕೀಯ ಬದುಕನ್ನೇ ಬಿಡಬೇಕಾಗಿ ಬಂದದ್ದು ನನ್ನನ್ನು ಕಾಡುತ್ತದೆ. ತೆರಿಗೆಯ ಲಾಭ 2025ರಿಂದಲೇ ಸಿಗುವಂತೆಯೂ, ಮೆಡಿಕೇಡ್‌ನ ದುಡಿಮೆ ಷರತ್ತಿಗೆ 2027ರ ಜನವರಿ 1ರ ಗಡುವು, ಅಂದರೆ 2026ರ ನವೆಂಬರ್ ಚುನಾವಣೆ ಮುಗಿದು ಸುಮಾರು ಎರಡು ತಿಂಗಳಾದ ಮೇಲೆ, ಬರುವಂತೆಯೂ ಏರ್ಪಡಿಸಿದ್ದನ್ನು ತಾವೇ ತೂಗಿ ನೋಡಿ.

ಕೊನೆಯದಾಗಿ, ಮಗಳು ಕಳುಹಿಸುವ ಹಣ. ಈ ತೆರಿಗೆಯ ಮೊದಲ ಪ್ರಸ್ತಾಪ ಶೇ. 5ರಷ್ಟಿತ್ತು. ಕೆಳಮನೆ ಒಪ್ಪಿದ್ದು ಶೇ. 3.5, ಕೊನೆಗೆ ಉಳಿದದ್ದು ಶೇ. 1. ಅದು ಅನ್ವಯಿಸುವುದು 2026ರ ಜನವರಿಯಿಂದ, ಅದೂ ನಗದು, ಮನಿ ಆರ್ಡರ್, ಬ್ಯಾಂಕರ್ಸ್ ಚೆಕ್‌ನಂಥವನ್ನು ಕೊಟ್ಟು ವಿದೇಶಕ್ಕೆ ಕಳುಹಿಸುವ ಹಣಕ್ಕೆ ಮಾತ್ರ. ಅಮೆರಿಕದ ಬ್ಯಾಂಕ್ ಖಾತೆಯಿಂದಾಗಲಿ, ಅಲ್ಲಿಯ ಡೆಬಿಟ್ ಕಾರ್ಡಿನಿಂದಾಗಲಿ ಕಳುಹಿಸಿದರೆ ಈ ತೆರಿಗೆ ಇಲ್ಲ, ಆದ್ದರಿಂದ ತಮ್ಮ ಮಗಳು ಚಿಂತಿಸಬೇಕಿಲ್ಲ. ವಾರದ ಕೂಲಿಯನ್ನು ನಗದಾಗಿ ಪಡೆದು, ಖಾತೆಯಿಲ್ಲದೆ, ಹಣ ರವಾನೆಯ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತು ಊರಿಗೆ ನೂರು ಡಾಲರ್ ಕಳುಹಿಸುವವರು ಅದರ ಮೇಲೆ ಒಂದು ಡಾಲರ್ ಕಟ್ಟುತ್ತಾರೆ.

ಇತಿ,
ಸಂಪಾದಕ