ನಟನೆ ಬರದವರಿಗೆ ನಾಟಕ ತಂಡದಲ್ಲಿ ಏನು ಕೆಲಸ?

ನಿಮ್ಮ ಪ್ರಶ್ನೆ ಓದಿದೆ. ಕೆಲಸಕ್ಕೆ ಅಂತ ದಾವಣಗೆರೆಗೆ ಬಂದು ಆರು ತಿಂಗಳಾಗಿದೆ, ನಾಟಕ ಅಂದರೆ ಆಸೆ, ಆದರೆ ಸ್ಟೇಜ್ ಹತ್ತಿದರೆ ಕಾಲು ನಡುಗುತ್ತದೆ. ಇಲ್ಲಿನ ಸಣ್ಣ ತಂಡಗಳಲ್ಲಿ ಪರದೆ ಹಿಂದೆ ಏನೇನು ನಡೆಯುತ್ತದೆ, ನನ್ನಂಥವರಿಗೆ ಅಲ್ಲಿ ಜಾಗ ಇದೆಯಾ ಅಂತ ಕೇಳಿದ್ದೀರಿ.

ಇದೆ. ನಟರು ಹೇಗೋ ಸಿಗುತ್ತಾರೆ, ಪರದೆ ಹಿಂದೆ ನಿಲ್ಲುವವರು ಸಿಗುವುದಿಲ್ಲ. ನಾನು ಇಲ್ಲಿನ ಒಂದು ಹವ್ಯಾಸಿ ತಂಡದಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಇಷ್ಟು ವರ್ಷದಲ್ಲಿ ಪ್ರೇಕ್ಷಕರ ಕಣ್ಣಿಗೆ ಬಿದ್ದದ್ದು ಒಟ್ಟು ಅರ್ಧ ನಿಮಿಷ. ಅದೂ ನನ್ನ ತಪ್ಪಿನಿಂದ. ಆ ಕತೆ ಆಮೇಲೆ ಹೇಳುತ್ತೇನೆ.

ನೀವು ಬಂದಿರುವುದು ಕಂಪನಿ ನಾಟಕದ ಊರಿಗೆ, ಅಂದರೆ ಊರೂರಲ್ಲಿ ಟೆಂಟ್ ಹಾಕಿ ನಾಟಕವನ್ನೇ ಕಸುಬು ಮಾಡಿಕೊಂಡ ತಂಡಗಳ ಊರಿಗೆ. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದು. ಅವರ ಮಗಳು, ನಟಿ ಚಿಂದೋಡಿ ಲೀಲಾ ಅವರ ಹೆಸರು ಗೊತ್ತಿಲ್ಲದ ಹಿರಿಯರು ಈ ಊರಲ್ಲಿ ಇಲ್ಲ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ನಡೆಯುತ್ತದೆ. ಆಗ ಯಾವುದಾದರೂ ಕಂಪನಿ ಟೆಂಟ್ ಹಾಕಿದ್ದರೆ ತಪ್ಪದೆ ಹೋಗಿ. ಕತೆ ನೋಡಬೇಡಿ, ಪರದೆ ನೋಡಿ. ಕಂಪನಿ ನಾಟಕದಲ್ಲಿ ಹಾಸ್ಯದ ಸೀನು ಹೆಚ್ಚಾಗಿ ರಸ್ತೆಯಲ್ಲೇ ಯಾಕೆ ನಡೆಯುತ್ತದೆ ಗೊತ್ತಾ? ರಸ್ತೆ ಬರೆದ ಪರದೆಯನ್ನು ಸ್ಟೇಜಿನ ಮುಂಭಾಗದಲ್ಲೇ ಇಳಿಬಿಡುತ್ತಾರೆ. ಅದರ ಮುಂದೆ ಇಬ್ಬರು ನಿಂತು ಜನರನ್ನು ನಗಿಸುವಾಗ, ಹಿಂದೆ ನಾಲ್ಕು ಜನ ಗುಡಿಸಲು ಎತ್ತಿ ದರ್ಬಾರು ಹೂಡುತ್ತಿರುತ್ತಾರೆ. ಜನ ನಗುವ ಸದ್ದಿನಲ್ಲಿ ಕುರ್ಚಿ ಎಳೆದ ಸದ್ದು ಮುಚ್ಚಿಹೋಗುತ್ತದೆ. ನನಗೆ ಇದು ಗೊತ್ತಾದದ್ದು ನಮ್ಮ ತಂಡದ ಹಾರ್ಮೋನಿಯಂ ಮಾಸ್ತರರಿಂದ. ಅವರು ಹುಡುಗರಾಗಿದ್ದಾಗ ಒಂದು ಕಂಪನಿಯಲ್ಲಿ ಪರದೆ ಹಗ್ಗ ಎಳೆಯುತ್ತಿದ್ದರಂತೆ. "ಕಾಮಿಡಿ ನಟ ಉದ್ದ ಎಳೆದ ಅಂದ್ರೆ ಹಿಂದೆ ಏನೋ ಎಡವಟ್ಟಾಗೇತಿ ಅಂತ ತಿಳ್ಕೋ ತಮ್ಮ" ಅಂತ ಹೇಳಿದ್ದರು.

ನಮ್ಮ ತಂಡ ಅಷ್ಟು ದೊಡ್ಡದಲ್ಲ. ಹದಿನಾಲ್ಕು ಜನ. ಒಬ್ಬರು ಹೈಸ್ಕೂಲ್ ಮೇಷ್ಟ್ರು, ಒಬ್ಬರು ಬಸ್ ಕಂಡಕ್ಟರ್, ಇಬ್ಬರು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವವರು. ಕೆಲಸ ಮುಗಿಸಿ ಸಂಜೆ ಏಳಕ್ಕೆ ಒಂದು ಶಾಲೆಯ ರೂಮಿನಲ್ಲಿ ಸೇರುತ್ತೇವೆ. ಏಳು ಅಂದರೆ ಏಳೂವರೆ. ಬೆಂಚುಗಳನ್ನು ಗೋಡೆಗೆ ಸರಿಸುವುದರಿಂದ ತಾಲೀಮು ಶುರು. ಕಂಡಕ್ಟರ್ ಅಣ್ಣನಿಗೆ ಡ್ಯೂಟಿ ಬದಲಾದರೆ ಆ ದಿನ ಅವರ ಮಾತು ನಾನು ಓದುತ್ತೇನೆ. ಹೀಗಾಗಿ ನನಗೆ ಎಲ್ಲರ ಮಾತೂ ಬಾಯಿಪಾಠ. ಒಂಬತ್ತೂವರೆಗೆ ಮುಗಿಸಿ, ಹೆಣ್ಣುಮಕ್ಕಳನ್ನು ಮನೆಗೆ ಬಿಟ್ಟುಬರಬೇಕು. ಇದು ತಂಡದ ದೊಡ್ಡ ಕೆಲಸಗಳಲ್ಲಿ ಒಂದು, ಸುಮ್ನೆ ಹೇಳುತ್ತಿಲ್ಲ. ಮಗಳು ಸರಿಯಾದ ಹೊತ್ತಿಗೆ ಮನೆ ಸೇರುತ್ತಾಳೆ ಅನ್ನುವ ನಂಬಿಕೆ ತಾಯಿಗೆ ಬಂದರೆ ಮಾತ್ರ ನಾಟಕಕ್ಕೆ ನಾಯಕಿ ಸಿಗುತ್ತಾಳೆ.

ಈಗ ಲೈಟಿನ ವಿಷಯ. ಇಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನನ್ನ ಜೀವ ತಿಂದಿರುವುದು ಇದೇ. ಹಳೆಯ ಹ್ಯಾಲೋಜನ್ ಲೈಟು ಒಂದೊಂದು 1000 ವ್ಯಾಟ್. ನಮ್ಮ 230 ವೋಲ್ಟ್ ಕರೆಂಟಿನಲ್ಲಿ ಒಂದೊಂದೂ ನಾಲ್ಕು ಆಂಪಿಯರ್ ಚಿಲ್ಲರೆ ಎಳೆಯುತ್ತದೆ. 15 ಆಂಪಿಯರ್ ಪ್ಲಗ್ಗಿಗೆ ಮೂರು ಲೈಟು ಹಾಕಿದರೆ ಮುಗಿಯಿತು. ನಾವು ಹನ್ನೆರಡು ಲೈಟು ತರುತ್ತೇವೆ, ಅಂದರೆ ಹತ್ತಿರಹತ್ತಿರ 52 ಆಂಪಿಯರ್. ಅದಕ್ಕೇ ಹಾಲ್ ಬುಕ್ ಮಾಡುವಾಗ ನಾನು ಮೊದಲು ನೋಡುವುದು ಸ್ಟೇಜಲ್ಲ, ಮೀಟರ್ ಬೋರ್ಡು. ತ್ರೀ ಫೇಸ್, ಅಂದರೆ ಕರೆಂಟಿನ ಮೂರು ಬೇರೆ ಬೇರೆ ಲೈನು ಇದೆಯಾ, ಲೈಟುಗಳನ್ನು ಮೂರಕ್ಕೂ ಹಂಚಬಹುದಾ ಅಂತ. ಒಮ್ಮೆ ಒಂದು ಕಲ್ಯಾಣ ಮಂಟಪದಲ್ಲಿ ಎಲ್ಲ ಲೆಕ್ಕ ಹಾಕಿ ಜೋಡಿಸಿದ್ದೆ. ಎರಡನೇ ಅಂಕದಲ್ಲಿ ಇಡೀ ಸ್ಟೇಜು ಕತ್ತಲು. ಹುಡುಕಿಕೊಂಡು ಹೋದರೆ ಹಿಂದಿನ ಅಡುಗೆಮನೆಯಲ್ಲಿ ಮರುದಿನದ ಮದುವೆಯವರು ನಮ್ಮ ಲೈನಿಗೇ ಗ್ರೈಂಡರ್ ಹಾಕಿದ್ದರು. ಇಡ್ಲಿಗೆ ರುಬ್ಬುತ್ತಿದ್ದರು. ಅವರದೇನು ತಪ್ಪು? ಮಂಟಪ ಇರುವುದೇ ಮದುವೆಗೆ.

ಈಗ ಎಲ್‌ಇಡಿ ಪಾರ್ ಲೈಟ್ ಬಂದು ಕರೆಂಟಿನ ಚಿಂತೆ ಕಡಿಮೆಯಾಗಿದೆ. ಆದರೂ ಮುಖದ ಮೇಲೆ ಬೀಳುವ ಬೆಳಕಿಗೆ ನನಗೆ ಹ್ಯಾಲೋಜನ್ನೇ ಬೇಕು. ಎಲ್‌ಇಡಿಯಲ್ಲಿ ಮನುಷ್ಯ ಒಂಥರಾ ಫ್ರಿಜ್ಜಿನಲ್ಲಿಟ್ಟ ತರಕಾರಿ ಥರ ಕಾಣುತ್ತಾನೆ. ಬಣ್ಣದಲ್ಲೂ ಒಂದು ಮೋಸ ಇದೆ. ರಾತ್ರಿ ತೋರಿಸಲು ನೀಲಿ ಲೈಟ್ ಹಾಕುತ್ತೇವಲ್ವಾ, ಅದರಲ್ಲಿ ಕೆಂಪು ಬಣ್ಣ ಕಪ್ಪಾಗಿ ಕಾಣುತ್ತದೆ. ಮುತ್ತೈದೆಯ ಕುಂಕುಮ ಕರಿ ಬೊಟ್ಟಾಗುತ್ತದೆ. ಕೊಲೆಯ ಸೀನಿನಲ್ಲಿ ಜೇನುತುಪ್ಪಕ್ಕೆ ಕೆಂಪು ಬಣ್ಣ ಕಲಸಿ ಮಾಡಿದ ರಕ್ತ ಡಾಂಬರಿನಂತೆ ಕಾಣುತ್ತದೆ. ನಮ್ಮ ಮೊದಲ ಪ್ರದರ್ಶನದಲ್ಲಿ ಹಾಗೇ ಆಯಿತು. ಆಮೇಲೆ ಹೆಣ ಬೀಳುವ ಜಾಗಕ್ಕೆ ಮಾತ್ರ ಒಂದು ಹಳದಿ ಲೈಟ್ ಬಿಡಲು ಕಲಿತೆವು.

ಆಟದ ಸಾಮಾನಿಗೆ ಬರೋಣ. ಇಂಗ್ಲಿಷಿನವರ ಪ್ರಾಪ್ಸ್. ನಿಮ್ಮನ್ನು ಮೊದಲು ಹಾಕುವುದು ಇಲ್ಲಿಗೇ. ಒಂದು ಟೇಬಲ್ ಮೇಲೆ ನ್ಯೂಸ್‌ಪೇಪರ್ ಹಾಸಿ, ಪ್ರತಿ ಸಾಮಾನಿನ ಸುತ್ತ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದು ಹೆಸರು ಬರೆಯುತ್ತೇವೆ. ಲೋಟ, ಕನ್ನಡಕ, ಕುಡುಗೋಲು, ಪತ್ರ. ಖಾಲಿ ಗೆರೆ ಕಂಡರೆ ಸಾಮಾನು ಹೊರಗಿದೆ ಅಂತ ಕತ್ತಲಲ್ಲೂ ಗೊತ್ತಾಗುತ್ತದೆ. ಮೆಟ್ಟಿಲಿನ ಅಂಚಿಗೆ, ಕುರ್ಚಿ ಇಡುವ ಜಾಗಕ್ಕೆ ರೇಡಿಯಂ ಸ್ಟಿಕ್ಕರ್ ಅಂಟಿಸುತ್ತೇವೆ, ಕತ್ತಲಾದಾಗ ಮಿಣಮಿಣ ಹೊಳೆಯುವಂಥದ್ದು. ಸಾರಾಯಿ ಅಂದರೆ ಬೆಲ್ಲದ ನೀರು. ಗುಡುಗು ಅಂದರೆ ತಗಡಿನ ಶೀಟು. ಸ್ಟೇಜಿನಲ್ಲಿ ತಿನ್ನಲು ಬಾಳೆಹಣ್ಣಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ಇದು ದಾವಣಗೆರೆ ಅಂತ ತೋರಿಸುವ ಹುಮ್ಮಸ್ಸಿನಲ್ಲಿ ಒಂದು ಸೀನಿಗೆ ಮಂಡಕ್ಕಿ ಮಿರ್ಚಿ ಇಟ್ಟಿದ್ದೆವು. ಮಂಡಕ್ಕಿ ಗಂಟಲಿಗೆ ಅಂಟಿ ನಾಯಕ ಕೆಮ್ಮಿದ ಕೆಮ್ಮಿಗೆ ಇಡೀ ಸಂಭಾಷಣೆ ಹೋಯಿತು. ಮಿರ್ಚಿ ಮಾತ್ರ ಇಂಟರ್‌ವಲ್‌ಗೆ ಮೊದಲೇ ಖಾಲಿಯಾಗಿತ್ತು. ಯಾರು ತಿಂದರು ಅಂತ ಇವತ್ತಿಗೂ ಯಾರೂ ಒಪ್ಪಿಕೊಂಡಿಲ್ಲ.

ಈಗ ಆ ಅರ್ಧ ನಿಮಿಷ. ಪತ್ರ ಓದುವ ಸೀನಿನ ಮಾತನ್ನು ನಟರು ಸಾಮಾನ್ಯವಾಗಿ ಬಾಯಿಪಾಠ ಮಾಡುವುದಿಲ್ಲ. ಪತ್ರದಲ್ಲೇ ಬರೆದಿರುತ್ತದಲ್ಲ! ನಮ್ಮ ಮೇಷ್ಟ್ರು ಊರಗೌಡನ ಪಾತ್ರದಲ್ಲಿ ಮೇಜಿನ ಡ್ರಾಯರ್ ಎಳೆದರು. ಪತ್ರ ಇಲ್ಲ. ಇನ್ನೊಮ್ಮೆ ಎಳೆದರು. ನಾನು ಪಕ್ಕದಲ್ಲಿ ಪರದೆ ಮರೆಯಲ್ಲಿ ನಿಂತಿದ್ದೆ, ಪತ್ರ ನನ್ನ ಅಂಗಿ ಜೇಬಿನಲ್ಲೇ ಇತ್ತು. ಮಡಿಕೆ ಸರಿ ಮಾಡಲು ತೆಗೆದುಕೊಂಡವನು ವಾಪಸ್ ಇಟ್ಟಿರಲಿಲ್ಲ. ಮೇಷ್ಟ್ರು "ಎಲ್ಲಿ ಹೋತು ಆ ಕಾಗದ" ಅಂತ ಹೊಸ ಮಾತು ಸೇರಿಸಿ, ನನ್ನ ಕಡೆ ನೋಡಿದರು. ಆ ನೋಟ ಶಾಲೆಯ ಹುಡುಗರಿಗೆ ಚೆನ್ನಾಗಿ ಗೊತ್ತಿರಬೇಕು. ಪಕ್ಕದಲ್ಲಿ ಪೊಲೀಸ್ ಪಾತ್ರದ ಖಾಕಿ ಅಂಗಿ ನೇತಾಡುತ್ತಿತ್ತು. ಹಾಕಿಕೊಂಡು ಒಳಗೆ ಹೋಗಿ "ಗೌಡ್ರೇ, ಪೋಸ್ಟ್" ಅಂದೆ. ಕಾಲು ನಡುಗಿತಾ ಅಂತ ಕೇಳಬೇಡಿ. ಪತ್ರ ಕೊಟ್ಟು ಹೊರಗೆ ಬಂದಮೇಲೆ ನೋಡಿದರೆ ಭುಜದ ಮೇಲೆ ಪೊಲೀಸ್ ಪಟ್ಟಿ ಹಾಗೇ ಇದೆ. ನಾಟಕ ಮುಗಿದಮೇಲೆ ಹಿರಿಯರೊಬ್ಬರು ಬಂದು, ಪೋಸ್ಟ್‌ಮ್ಯಾನ್ ಪಾತ್ರ ಸಹಜವಾಗಿತ್ತು ಅಂದರು. ಮೇಷ್ಟ್ರು ಮಾತ್ರ ಎರಡು ವಾರ ನನ್ನ ಜೊತೆ ಮಾತಾಡಲಿಲ್ಲ.

ದುಡ್ಡಿನ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಬರುವುದಿಲ್ಲ. ಹಾಲ್ ಬಾಡಿಗೆ, ಲೈಟ್, ಮೇಕಪ್ಪು, ಊಟ ಎಲ್ಲ ಸೇರಿ ಹೋದ ಸಲ ಮೂವತ್ತೆಂಟು ಸಾವಿರ ಆಯಿತು, ಟಿಕೆಟ್ಟಿನಿಂದ ಅರ್ಧವೂ ಹುಟ್ಟಲಿಲ್ಲ. ಉಳಿದದ್ದಕ್ಕೆ ಪರಿಚಯದ ಅಂಗಡಿಗಳನ್ನು ಸುತ್ತಿದೆವು. ಇದನ್ನೇ ಉದ್ಯೋಗ ಮಾಡಿಕೊಳ್ಳುವ ಯೋಚನೆ ಇದ್ದರೆ ಸಾಣೇಹಳ್ಳಿ ನೋಡಿ ಬನ್ನಿ. ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲೂಕಿನ ಹಳ್ಳಿ ಅದು. ಅಲ್ಲಿನ ಶಿವಸಂಚಾರ ತಂಡ 1997ರಿಂದ ಊರೂರು ತಿರುಗಿ ನಾಟಕ ಆಡುತ್ತಿದೆ. ಅಲ್ಲಿ ನಟರೂ ಸೆಟ್ ಹೊರುತ್ತಾರೆ. ಇವತ್ತು ಒಂದೂರು, ನಾಳೆ ಇನ್ನೊಂದು ಅಂದಮೇಲೆ ಎಲ್ಲವೂ ಬಿಚ್ಚಿ ಲಾರಿಗೆ ಹಾಕುವಂತಿರಬೇಕು. ಸೆಟ್ಟನ್ನು ಯೋಚಿಸುವ ರೀತಿಯೇ ಅದರಿಂದ ಬದಲಾಗುತ್ತದೆ.

ಬಯಲಿನಲ್ಲಿ ಮಾಡಿದರೆ ರಾತ್ರಿ 10ಕ್ಕೆ ಮೈಕ್ ಆಫ್ ಮಾಡಬೇಕು, ಪೊಲೀಸ್ ಪರ್ಮಿಷನ್ನೂ ಬೇಕು. ಅದರ ಓಡಾಟವೂ ನಮ್ಮ ಪಾಲಿಗೇ. ನಾಟಕ ಮುಗಿದಮೇಲೆ ನಟರು ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ತೆಗೆಯುತ್ತಾ, ಫೋಟೋ ತೆಗೆಸಿಕೊಳ್ಳುತ್ತಾ ಇರುತ್ತಾರೆ. ನಾವು ವೈರ್ ಸುತ್ತುತ್ತಾ ಇರುತ್ತೇವೆ. ಹೊಟ್ಟೆಕಿಚ್ಚು ಆಗುವುದಿಲ್ಲ ಅಂದರೆ ಸುಳ್ಳು.

ಬರುವ ಮನಸ್ಸಿದ್ದರೆ ಮೆಸೇಜ್ ಮಾಡಿ, ತಾಲೀಮು ಎಲ್ಲಿ ಅಂತ ತಿಳಿಸುತ್ತೇನೆ. ಕಪ್ಪು ಅಂಗಿ ಹಾಕಿಕೊಳ್ಳಿ, ಸಣ್ಣ ಟಾರ್ಚ್ ತನ್ನಿ, ಅದರ ಗಾಜಿಗೆ ನೀಲಿ ಜಿಲೆಟಿನ್ ಪೇಪರ್ ನಾನು ಕೊಡುತ್ತೇನೆ. ಚಪ್ಪಲಿ ಪಟಪಟ ಅನ್ನುವಂಥದ್ದು ಬೇಡ. ಮತ್ತೆ, ಅಂಗಿಗೆ ಜೇಬಿಲ್ಲದಿದ್ದರೆ ಇನ್ನೂ ಒಳ್ಳೆಯದು.