ಸಹಾಯಕ ಕೋಶ, ಕ್ಯಾಪ್ಸೂಲ್ ಮತ್ತು ಅಪ್ಪನ ಬಲಗೈ

(ಬಸವನಗುಡಿಯ ಓದುಗರೊಬ್ಬರು ಬರೆಯುತ್ತಾರೆ: ಎರಡು ತಿಂಗಳ ಹಿಂದೆ ಅಪ್ಪನಿಗೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿದೆ. ಅಮ್ಮನೇ ಅನ್ನ ಕಲಸಿ ತುತ್ತು ಕೊಡುತ್ತಾರೆ. ಸತ್ತ ನರಕೋಶ ಮತ್ತೆ ಹುಟ್ಟುವುದಿಲ್ಲವೆಂದ ಮೇಲೆ ಫಿಸಿಯೋಥೆರಪಿಗೆಂದು ದಿನಾ ಆಟೋಗೆ ದುಡ್ಡು ಸುರಿಯುವುದೇಕೆ? ಮಿದುಳಿನ ಸಹಾಯಕ ಕೋಶಗಳನ್ನೇ ನರಕೋಶ ಮಾಡುವ ಕ್ಯಾಪ್ಸೂಲ್ ಇದೆಯೆಂದು ವಾಟ್ಸಾಪ್‌ನಲ್ಲಿ ಬಂದಿದೆ, ನಿಜವೇ?)

ಸಂಪಾದಕರ ಉತ್ತರ: ಕ್ಯಾಪ್ಸೂಲ್ ವಿಷಯ ಮೊದಲು ಮುಗಿಸಿಬಿಡೋಣ. ಅಂಥದ್ದು ಇಲ್ಲ. ಇಲಿಗಳ ಮಿದುಳಿನಲ್ಲಿ ಹಾಗೆ ಮಾಡಿ ತೋರಿಸಿದೆವೆಂದು ಕೆಲವು ಪ್ರಯೋಗಾಲಯಗಳು ಹೇಳಿದ್ದುಂಟು. 2021ರಲ್ಲಿ ಇನ್ನೊಂದು ತಂಡ ಕೋಶಗಳ ಜಾಡು ಹಿಡಿದು ನೋಡಿದರೆ, ಹೊಸವು ಅಂದುಕೊಂಡವು ಮೊದಲೇ ಅಲ್ಲಿದ್ದ ನರಕೋಶಗಳು! ವಿಜ್ಞಾನಿಗಳ ತಕರಾರೇ ಬಗೆಹರಿದಿಲ್ಲ, ಅಷ್ಟರಲ್ಲಿ ಡಬ್ಬಿಗೆ ತುಂಬಿ ಮಾರುವವರ ಧೈರ್ಯ ಮೆಚ್ಚಬೇಕು.

ಆದರೆ ಈ ಸಹಾಯಕ ಕೋಶಗಳು, ಅಂದರೆ ಗ್ಲಿಯ, ಸಾಮಾನ್ಯದವಲ್ಲ. ಮಿದುಳಿನಲ್ಲಿ ರಕ್ತದ ಹರಿವು ನಿಂತ ಜಾಗದಲ್ಲಿ ನರಕೋಶಗಳಿಂದ ಗ್ಲುಟಮೇಟ್ ಎಂಬ ರಾಸಾಯನಿಕ ಸೋರಿ ಅಕ್ಕಪಕ್ಕದವನ್ನೂ ಕೊಲ್ಲತೊಡಗುತ್ತದೆ. ಅದನ್ನು ಹೀರಿಕೊಳ್ಳುವುದು ನಕ್ಷತ್ರಾಕಾರದ ಆಸ್ಟ್ರೊಸೈಟ್. ಅದೇ ಆಸ್ಟ್ರೊಸೈಟ್ ನೀರು ಕುಡಿದು ಉಬ್ಬಿ ಮಿದುಳು ಊದಿಕೊಳ್ಳುವುದಕ್ಕೂ ಕಾರಣವಾಗುತ್ತದೆ. ಮೈಕ್ರೊಗ್ಲಿಯ ಎಂಬ ಇನ್ನೊಂದು ಬಗೆಯ ಸಹಾಯಕ ಕೋಶಗಳು ಸತ್ತದ್ದನ್ನು ತಿಂದು ಚೊಕ್ಕಟ ಮಾಡುತ್ತವೆ, ಜೊತೆಗೆ ಉರಿಯೂತದ ರಾಸಾಯನಿಕ ಬಿಟ್ಟು ಬದುಕಬಹುದಾಗಿದ್ದವಕ್ಕೂ ತೊಂದರೆ ಕೊಡುತ್ತವೆ. ಆಮೇಲೆ ಆಸ್ಟ್ರೊಸೈಟ್‌ಗಳು ಗಾಯದ ಸುತ್ತ ಬೇಲಿ ಹಾಕುತ್ತವೆ. ನರಗಳು ಮತ್ತೆ ಬೆಳೆಯದಿರಲು ಈ ಬೇಲಿಯೇ ಕಾರಣವೆಂದು ಬಹುಕಾಲ ನಂಬಿದ್ದರು. ಬೆನ್ನುಹುರಿಗೆ ಪೆಟ್ಟಾದ ಇಲಿಗಳಲ್ಲಿ ಬೇಲಿಯನ್ನು ತಡೆದಾಗ ನರತಂತು ಬೆಳೆಯುವುದು ಇನ್ನೂ ಕಡಿಮೆಯಾಯಿತೆಂದು 2016ರಲ್ಲಿ ತಿಳಿಯಿತು. ಇವತ್ತು ಕೆಡಿಸಿದ ಕೋಶವೇ ಹದಿನೈದು ದಿನ ಬಿಟ್ಟು ಕಾಪಾಡುತ್ತದೆ. ಯಾವುದನ್ನು, ಯಾವಾಗ ಅದುಮುವುದು? ಒಂದು ಮಾತ್ರೆಯಿಂದ ಆಗುವ ಕೆಲಸವಲ್ಲ.

ಸತ್ತ ನರಕೋಶ ಬರುವುದಿಲ್ಲ, ಆ ಮಾತು ಬಹುಮಟ್ಟಿಗೆ ಸರಿ. ಚೇತರಿಕೆ ಆಗುವುದು ಉಳಿದವು ಹೊಸ ಸಂಪರ್ಕ ಬೆಳೆಸಿಕೊಳ್ಳುವುದರಿಂದ. ಅದಕ್ಕೆ ಬೇಕಾದ ಪ್ರೊಟೀನ್ ಆಸ್ಟ್ರೊಸೈಟ್ ಕೊಡುತ್ತದೆ, ಬೇಡದ್ದನ್ನು ಮೈಕ್ರೊಗ್ಲಿಯ ಕಿತ್ತುಹಾಕುತ್ತದೆ. ಯಾವುದು ಉಳಿಯಬೇಕೆಂಬುದರಲ್ಲಿ ಬಳಕೆಯ ಪಾತ್ರ ದೊಡ್ಡದು. ಫಿಸಿಯೋಥೆರಪಿಗೆ ಬೆಲೆ ಅದಕ್ಕೇ. ಮೊದಲ ಮೂರು ತಿಂಗಳಲ್ಲಿ ಚೇತರಿಕೆ ಚುರುಕು, ನಿಮ್ಮ ಮುಂದೆ ಇನ್ನೂ ಸಮಯವಿದೆ.

ಅಮ್ಮನಿಗೆ ಬೇಜಾರಾಗಬಹುದು, ಆದರೂ ಹೇಳುತ್ತೇನೆ: ತುತ್ತು ಕೊಡುವುದನ್ನು ಸ್ವಲ್ಪ ಸ್ವಲ್ಪವೇ ಬಿಡಲಿ. ನುಂಗುವುದಕ್ಕೆ ತೊಂದರೆಯಿಲ್ಲವೆಂದು ಡಾಕ್ಟರು ಹೇಳಿದ್ದರೆ ಅಪ್ಪನವರೇ ದಪ್ಪ ಹಿಡಿಯ ಚಮಚ ಹಿಡಿಯಲಿ, ಬಟ್ಟೆ ಮೇಲೆ ಸಾರು ಚೆಲ್ಲಿದರೆ ಚೆಲ್ಲಲಿ. ಆಟೋ ಖರ್ಚು ಭಾರವಾದರೆ ಮನೆಯಲ್ಲೇ ಮಾಡುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಬರೆಸಿಕೊಳ್ಳಿ. ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೇ ಒಂದು ವಿಭಾಗವಿದೆ, ಅಲ್ಲೂ ವಿಚಾರಿಸಿ. ಡಾಕ್ಟರು ಬಿಪಿ ಮಾತ್ರೆ ಬರೆದುಕೊಟ್ಟಿದ್ದರೆ ಅದನ್ನಂತೂ ಒಂದು ದಿನವೂ ತಪ್ಪಿಸಬೇಡಿ.